ಕಾಣೋದೇ ಇಲ್ಲ

ಕಾರಿನ ಎಸಿ ತೀರಿಕೊಂಡ ಸುದ್ದಿಯನ್ನು ಅವರು ಯಾರಿಗೂ ತಿಳಿಸಲಿಲ್ಲ. ಮೆಕ್ಯಾನಿಕ್ಕು ಬಾನೆಟ್ ಎತ್ತಿ ಒಳಗೆ ಬಗ್ಗಿ ನೋಡಿದ. ಆಪರೇಷನ್ ರೂಮಿನಿಂದ ಹೊರಗೆ ಬಂದ ಡಾಕ್ಟರಂತೆ ಕೈ ಒರೆಸಿಕೊಳ್ಳುತ್ತಾ, "ಕಂಪ್ರೆಸರ್ ಹೋಗಿದೆ ಸಾರ್. ಅದನ್ನ ಹಾಕ್ಸೋ ಬದಲು ಬೇರೆ ಕಾರೇ ತಗೊಳ್ಳಿ" ಅಂದ. ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಇದು ನಮ್ಮಿಬ್ಬರಲ್ಲೇ ಇರಲಿ" ಅಂದರು.

ಗುಟ್ಟಿಗೆ ಕಾರಣವಿತ್ತು. ಆ ಸೆಕೆಂಡ್‌ಹ್ಯಾಂಡ್ ಕಾರು ಮನೆಗೆ ಬಂದ ದಿನ ಅವರು ಅದಕ್ಕೆ ಒರಗಿ ನಿಂತು, ಕೇಳಿದವರಿಗೂ ಕೇಳದವರಿಗೂ, "ಒಳಗೆ ಕೂತ್ರೆ ಸ್ವೆಟರ್ ಬೇಕಾಗುತ್ತೆ ಕಣ್ರೀ" ಎಂದು ಹೇಳಿದ್ದರು. ಬೀದಿ ಅದನ್ನು ಮರೆಯಲಿಲ್ಲ. ಬೀದಿಗೆ ಬೇರೆ ಕೆಲಸವಾದರೂ ಏನಿರುತ್ತದೆ? ಅಂದಿನಿಂದ ಅವರ ಹೆಸರು ಎಸಿ ಸಾಹೇಬರು. ಈಗ ಗ್ಲಾಸು ಇಳಿಸಿಕೊಂಡು ಹೋದರೆ ಎಸಿ ಸಾಹೇಬರ ಎಸಿ ಇಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಆದ್ದರಿಂದ ನೆತ್ತಿ ಸುಡುವ ಬೇಸಿಗೆಯಲ್ಲಿ ನಾಲ್ಕೂ ಗ್ಲಾಸು ಏರಿಸಿಕೊಂಡು, ಬೆಂದ ಆಲೂಗಡ್ಡೆಯ ಹಾಗೆ ಹಬೆಯಾಡುತ್ತಾ, ಮುಖದಲ್ಲಿ ಮಾತ್ರ ತಂಪಾದ ಮನುಷ್ಯನ ಮಂದಹಾಸ ಇಟ್ಟುಕೊಂಡು ಅವರು ಓಡಾಡತೊಡಗಿದರು.

ಒಂದು ದಿನ ಎದುರುಮನೆಯ ಬಾಲ್ಕನಿ ತಾತ ಅಡ್ಡ ಬಂದರು. ಬೆಳಿಗ್ಗೆ ಪೇಪರು ಹಿಡಿದು ಬಾಲ್ಕನಿಯಲ್ಲಿ ಕೂತರೆ ದೀಪ ಹಚ್ಚುವ ತನಕ ಅದೇ ಪುಟದಲ್ಲಿರುವ ಮನುಷ್ಯ.

"ಕಣ್ಣಿನ ಡಾಕ್ಟರ ಹತ್ರ ಬಿಡ್ತೀರಾ ಸಾಹೇಬ್ರೇ? ನಿಮ್ಮ ಎಸಿನಲ್ಲಿ ತಣ್ಣಗೆ ಹೋಗಿಬಿಡೋಣ" ಅಂದವರೇ ಹತ್ತಿ ಕೂತರು. ಸ್ವಲ್ಪ ದೂರ ಹೋದ ಮೇಲೆ, "ಎಸಿ ಹಾಕಿ ಮತ್ತೆ."

"ಹಾಕಿದೆ ತಾತ."

"ಗಾಳಿ ಬರ್ತಿಲ್ವಲ್ಲ?"

"ಇದು ಗಾಳಿ ಬಿಡೋ ಥರದ್ದಲ್ಲ. ಒಳಗೊಳಗೇ ತಣ್ಣಗೆ ಮಾಡುತ್ತೆ."

ತಾತ ಒಳಗೊಳಗೇ ತಣ್ಣಗಾಗಲು ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ಎರಡನೇ ಸಿಗ್ನಲ್ ಹೊತ್ತಿಗೆ ಅವರ ಮಾತು ನಿಂತಿತು. ಆಸ್ಪತ್ರೆಯ ಮುಂದೆ ಇಳಿದವರು ಕಣ್ಣಿನ ವಿಭಾಗ ದಾಟಿ, ಎದೆ ಹಿಡಿದುಕೊಂಡು, ಹೃದಯದ ಡಾಕ್ಟರ ಸಾಲಿನಲ್ಲಿ ಹೋಗಿ ಕೂತರು. ಆದರೆ ಬೀದಿಗೆ ಬಂದು ಹೇಳಿದ್ದು, "ಭಾರೀ ಎಸಿ ಕಣಪ್ಪ. ನನಗೆ ನಡುಕವೇ ಬಂದುಬಿಡ್ತು." ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಬೀದಿಯಲ್ಲಿ ಎಸಿ ಸಾಹೇಬರಾದ ಇವರೇ ಆಫೀಸಿನಲ್ಲಿ ಲೀಕೇಜ್ ಸಾಹೇಬರು. ನೀರು ಸರಬರಾಜು ಆಫೀಸಿನ ಮೀಟರ್ ವಿಭಾಗದಲ್ಲಿ ಅವರ ಕೆಲಸ. ಮನೆಗಳಿಂದ ಕಳಚಿ ತಂದ ಮೀಟರನ್ನು ಬೆಂಚಿಗೆ ಸಿಕ್ಕಿಸಿ, ಅಳೆದ ನೀರು ಹರಿಸಿ, ಮುಳ್ಳು ನಿಜ ಹೇಳುತ್ತದೋ ಸುಳ್ಳೋ ನೋಡಿ, ಸೀಸದ ಸೀಲು ಒತ್ತಬೇಕು. ಊರಿನ ನೀರಿನ ಲೆಕ್ಕ ನೋಡುವ ಮನುಷ್ಯನೇ ದಿನಾ ಬೆಳಿಗ್ಗೆ ಬೆನ್ನು, ಕಂಕುಳು, ಹೊಟ್ಟೆಯ ಮೇಲೆ ಅಂಗಿ ಅಂಟಿಸಿಕೊಂಡು ಕೆರೆಯಿಂದ ಎದ್ದವರ ಹಾಗೆ ಬಂದರೆ ಸಹೋದ್ಯೋಗಿಗಳು ಹೆಸರಿಡದೆ ಬಿಡುತ್ತಾರೆಯೇ? ವಿಭಾಗದ ಫ್ಯಾನು ಕೆಟ್ಟು ಯಾವ ಕಾಲವಾಗಿತ್ತೋ. ಮ್ಯಾನೇಜರಿಗೆ ಬರೆದು ಬರೆದು ಅವರಿಗೇ ನಾಚಿಕೆಯಾಗಿ ನಿಲ್ಲಿಸಿದ್ದರು.

ಇದನ್ನೆಲ್ಲ ಅವರು ಸಹಿಸಿಕೊಂಡಿದ್ದರು. ಸಹಿಸಲಾಗದ್ದು ಒಂದಿತ್ತು. ಮಗಳು ಟೈಲರ್ ಅಂಗಡಿಯ ಮೂಲೆಯಲ್ಲಿ ಇಳಿಯುತ್ತಿದ್ದಳು.

ದಿನಾ ಬೆಳಿಗ್ಗೆ ಅವಳನ್ನು ಕಾಲೇಜಿಗೆ ಬಿಟ್ಟು ಆಫೀಸಿಗೆ ಹೋಗುವುದು ಅವರ ದಾರಿ. ಗೇಟು ಇರುವುದು ಟೈಲರ್ ಅಂಗಡಿಯ ತಿರುವು ದಾಟಿದ ಮೇಲೆ. ತಿರುವು ಬಂತೆಂದರೆ ಮಗಳು, "ಇಲ್ಲೇ ನಿಲ್ಸಪ್ಪ, ನಡ್ಕೊಂಡು ಹೋಗ್ತೀನಿ, ಮೈಗೆ ಒಳ್ಳೇದು" ಅನ್ನುತ್ತಿದ್ದಳು. ಮನೆಯಲ್ಲಿ ಪಕ್ಕದ ರೂಮಿನಿಂದ ಚಾರ್ಜರ್ ತರುವುದಕ್ಕೂ ಅಮ್ಮನನ್ನು ಕೂಗುವ ಹುಡುಗಿಗೆ ಈ ತಿರುವಿನಲ್ಲಿ ಮಾತ್ರ ಮೈಯ ಮೇಲೆ ಅಷ್ಟು ಕಾಳಜಿ ಯಾಕೆ ಬರುತ್ತದೆ ಎಂದು ಅವರು ಕೇಳಿರಲಿಲ್ಲ. ಉತ್ತರ ಅವರ ಬೆನ್ನಿಗೇ ಅಂಟಿಕೊಂಡಿತ್ತು.

ಒಂದು ಬೆಳಿಗ್ಗೆ ಅವಳು ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ಗೆಳತಿಯೊಬ್ಬಳು ಎದುರಾದಳು. ಒಳಗೆ ಬಗ್ಗಿ, ಸ್ಟಿಯರಿಂಗ್ ಹಿಡಿದು ತೊಟ್ಟಿಕ್ಕುತ್ತಿದ್ದ ಮನುಷ್ಯನನ್ನು ನೋಡಿ, "ಏನೇ, ಕ್ಯಾಬಾ?" ಅಂದಳು.

ಮಗಳು ಅಪ್ಪನ ಅಂಗಿಯ ಕಡೆ ಒಮ್ಮೆ ನೋಡಿದಳು.

"ಹೂಂ" ಅಂದಳು.

ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ದಡಾರನೆ ಮುಚ್ಚಿದ್ದರೆ ಚೆನ್ನಾಗಿರುತ್ತಿತ್ತು.

ಆ ಇಡೀ ದಿನ ಸಾಹೇಬರು ಕೆಟ್ಟ ಮೀಟರಿಗೆ ಒಳ್ಳೆಯ ಸೀಲನ್ನೂ ಒಳ್ಳೆಯ ಮೀಟರಿಗೆ ಕೆಟ್ಟ ಸೀಲನ್ನೂ ಒತ್ತಿದರು. ರಾತ್ರಿ ಊಟಕ್ಕೆ ಕೂತಾಗ ಯಾರನ್ನೂ ನೋಡದೆ, "ಕಾರಿಗೆ ಫಿಲ್ಮ್ ಹಾಕಿಸ್ತೀನಿ" ಅಂದರು.

"ಯಾಕೀಗ?" ಅಂದಳು ಹೆಂಡತಿ.

"ಶಾಖ."

ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರ ಲೆಕ್ಕ ಸರಳವಾಗಿತ್ತು. ಒಳಗಿರುವವನು ಹೊರಗಿನವರಿಗೆ ಕಾಣದಿದ್ದರೆ ಅವನು ಅಪ್ಪನೋ ಕ್ಯಾಬಿನವನೋ ಎಂಬ ಪ್ರಶ್ನೆ ಬರುವುದಿಲ್ಲ. ಪ್ರಶ್ನೆ ಬರದಿದ್ದರೆ ಮಗಳು ಗೇಟಿನ ಹತ್ತಿರವೇ ಇಳಿಯಬಹುದು.

ಫಿಲ್ಮ್ ಅಂಗಡಿಯವನ ಬಳಿ ಒಂದು ಪೆಟ್ಟಿಗೆಯಿತ್ತು. ಅದರೊಳಗೆ ಸಣ್ಣ ಸೂರ್ಯನಂಥ ಬಲ್ಬು, ಮುಂದೆ ಬಗೆಬಗೆಯ ಫಿಲ್ಮ್ ಅಂಟಿಸಿದ ಗಾಜಿನ ತುಂಡುಗಳು. "ಕೈ ಇಡಿ ಸಾರ್" ಅಂದ. ಬರೀ ಗಾಜಿನ ಹಿಂದೆ ಸಾಹೇಬರ ಅಂಗೈ ಸುಟ್ಟಿತು. ಕಪ್ಪು ಗಾಜಿನ ಹಿಂದೆ ಬೆಚ್ಚಗಾಯಿತು.

"ಕಪ್ಪೇ ಕೊಡಿ" ಅಂದರು ಸಾಹೇಬರು ಆಸೆಯಿಂದ.

"ಕೊಡ್ತೀನಿ ಸಾರ್. ನಾನು ಇಲ್ಲಿ ಅಂಟಿಸ್ತೀನಿ, ಪೊಲೀಸ್ನೋರು ಮುಂದಿನ ಸಿಗ್ನಲ್ಲಲ್ಲಿ ಕೀಳಿಸ್ತಾರೆ."

ಪೊಲೀಸ್ ಎಂಬ ಶಬ್ದ ಕೇಳಿದರೇ ಸಾಹೇಬರ ಅಂಗಿ ಒಂದು ಸುತ್ತು ಹೆಚ್ಚು ಒದ್ದೆಯಾಗುತ್ತಿತ್ತು. ಅಂಗಡಿಯವನು ಅದನ್ನು ಗಮನಿಸಿ ಇನ್ನೊಂದು ಗಾಜಿನ ತುಂಡನ್ನು ಬಲ್ಬಿನ ಮುಂದೆ ಹಿಡಿದ. ಸಾಹೇಬರ ಕೈಗೆ ಶಾಖವೇ ತಾಗಲಿಲ್ಲ.

"ಇದು ತಗೊಳ್ಳಿ. ಶಾಖ ತಡೆಯುತ್ತೆ. ಹೊರಗಿಂದ ನೋಡಿದ್ರೆ ಕಾಣೋದೇ ಇಲ್ಲ."

ಸಾಹೇಬರ ಕಣ್ಣು ಅರಳಿತು. "ಕಾಣೋದೇ ಇಲ್ವಾ?"

"ಮೂಗು ತಾಗಿಸಿ ನೋಡಿದ್ರೂ ಕಾಣಲ್ಲ ಸಾರ್. ಅದೇ ಇದರ ವಿಶೇಷ."

"ಒಳಗಿಂದ?"

"ಒಳಗಿಂದ ನಿಮಗೆ ಎಲ್ಲಾ ಚೆನ್ನಾಗಿ ಕಾಣುತ್ತೆ."

"ಪೊಲೀಸ್ನೋರಿಗೆ?"

"ಅವರಪ್ಪನಿಗೂ ಕಾಣಲ್ಲ."

ಇಲ್ಲಿ ಕಥೆಯನ್ನು ಒಂದು ನಿಮಿಷ ನಿಲ್ಲಿಸಿ ನಮ್ಮ ಭಾಷೆಯ ಮೇಲೆ ಒಂದು ದೂರು ಕೊಡಬೇಕಾಗಿದೆ. ನಾವು ಹೌದು ಅನ್ನುವಾಗ ಪದದ ಬಾಲದಲ್ಲಿ ಯಾರು ಎಂಬುದು ಬಂದುಬಿಡುತ್ತದೆ: ಕಾಣ್ತೀನಿ, ಕಾಣ್ತೀಯ, ಕಾಣ್ತಾರೆ, ಕಾಣುತ್ತೆ. ಇಲ್ಲ ಅನ್ನುವಾಗ ಆ ಬಾಲ ಉದುರಿಹೋಗುತ್ತದೆ. ನಾನೂ ಕಾಣಲ್ಲ, ನೀನೂ ಕಾಣಲ್ಲ, ಫಿಲ್ಮೂ ಕಾಣಲ್ಲ. ಅಂಗಡಿಯವನ ವಾಕ್ಯದಲ್ಲಿ ಒಂದು ಜಾಗ ಖಾಲಿ ಇತ್ತು. ಅವನು ಅಲ್ಲಿ ಫಿಲ್ಮನ್ನು ಕೂರಿಸಿದ್ದ. ಸಾಹೇಬರು ಬಂದು ಆ ಜಾಗದಲ್ಲಿ ತಾವೇ ಕೂತರು.

ಅಂಟಿಸಿದ ಮೇಲೆ ಅವರು ಕಾರಿನ ಸುತ್ತ ಒಂದು ಸುತ್ತು ಬಂದರು. ಸೀಟು ಕಾಣುತ್ತಿತ್ತು. ಸ್ಟಿಯರಿಂಗೂ ಕಾಣುತ್ತಿತ್ತು.

"ಇನ್ನೂ ಕಾಣ್ತಿದೆಯಲ್ರೀ?"

ಅಂಗಡಿಯವನು ಗಾಜಿನ ಮೇಲಿದ್ದ ನೀರಿನ ಸಣ್ಣ ಗುಳ್ಳೆಗಳ ಕಡೆ ನೋಡಿ, "ಅದು ಒಣಗೋ ತನಕ ಸಾರ್. ಆಮೇಲೆ ಪೂರ್ತಿ ಮಾಯ. ಎರಡು ವಾರ ಗ್ಲಾಸ್ ಮಾತ್ರ ಇಳಿಸ್ಬೇಡಿ, ಕಿತ್ಕೊಂಡು ಬರುತ್ತೆ" ಅಂದ.

ಗ್ಲಾಸ್ ಇಳಿಸದೆ ಇರುವುದು ಸಾಹೇಬರಿಗೆ ಹೊಸ ಶಿಕ್ಷೆಯೇನಲ್ಲ. ಆದರೂ ಅವರು ಎಷ್ಟೆಂದರೂ ಪರೀಕ್ಷೆ ಮಾಡದೆ ಸೀಲು ಒತ್ತದ ಮನುಷ್ಯ. ಗುಳ್ಳೆಗಳೆಲ್ಲ ಆರಿದ ಮೇಲೆ ಒಂದು ಸಂಜೆ ಮನೆಯ ಮುಂದೆ ಕಾರಿನೊಳಗೆ ಕೂತು, ಗ್ಲಾಸುಗಳನ್ನು ಏರಿಸಿ, ಹೆಂಡತಿಯನ್ನು ಹೊರಗೆ ನಿಲ್ಲಿಸಿ, ಗಂಟಲು ಹರಿಯುವ ಹಾಗೆ ಕೂಗಿದರು. "ಏನಾದ್ರೂ ಕಾಣುತ್ತಾ?"

ಹೆಂಡತಿ ಬಗ್ಗಿ ನೋಡಿದಳು. ಗಾಜಿಗೆ ಉಗುರು ತಾಗಿಸಿ ನೋಡಿದಳು. ಕಣ್ಣು ಕಿರಿದು ಮಾಡಿ ನೋಡಿದಳು.

"ಏನೂ ಕಾಣ್ತಿಲ್ಲ!" ಎಂದು ಕಿರುಚಿ, "ಫಿಲ್ಮ್ ಹಾಕಿದಾನೋ ಇಲ್ಲ ಟೋಪಿ ಹಾಕಿದಾನೋ?" ಎಂದು ಗೊಣಗಿಕೊಂಡು ಒಳಗೆ ಹೋದಳು. ಕಿರುಚಿದ್ದು ಗಾಜು ದಾಟಿ ಬಂತು. ಗೊಣಗಿದ್ದು ಹೊರಗೇ ಉಳಿಯಿತು. ಸಾಹೇಬರು ಸ್ಟಿಯರಿಂಗನ್ನು ಪ್ರೀತಿಯಿಂದ ತಟ್ಟಿದರು. ಖಾಲಿ ನಿಲ್ಲಿಸಿದ್ದಾಗ ಸೀಟು ಕಾಣುತ್ತಿದ್ದ ವಿಷಯಕ್ಕೂ ಅವರು ಆಗಲೇ ಒಂದು ಸಮಾಧಾನ ಕಂಡುಕೊಂಡಿದ್ದರು: ಒಳಗೆ ಮನುಷ್ಯ ಕೂತಾಗ ಮಾತ್ರ ಅದು ಕೆಲಸ ಮಾಡುತ್ತದೆ. ತಾವು ಒಳಗಿರುವಾಗ ತಾವೇ ಹೊರಗೆ ನಿಂತು ನೋಡಿದವರು ಈ ಲೋಕದಲ್ಲಿ ಯಾರೂ ಇಲ್ಲವಾದ್ದರಿಂದ ಈ ಸಿದ್ಧಾಂತಕ್ಕೆ ವಿರುದ್ಧವಾದ ಸಾಕ್ಷಿ ಸಿಗುವಂತಿರಲಿಲ್ಲ.

ಮರುದಿನ ತಿರುವಿನಲ್ಲಿ ಅವರು ಮಗಳಿಗೆ ಹೇಳಿದರು. "ಇವತ್ತಿಂದ ಗೇಟ್ ತನಕ ಬಾ. ಯಾರಿಗೂ ಕಾಣಲ್ಲ."

"ಏನು ಕಾಣಲ್ಲ?"

"ಏನೂ."

ಮಗಳು ಅವರನ್ನು ವಿಚಿತ್ರವಾಗಿ ನೋಡಿ, "ಇಲ್ಲೇ ಇಳೀತೀನಪ್ಪ" ಅಂದಳು. ಸಾಹೇಬರು ಬೇಜಾರು ಮಾಡಿಕೊಳ್ಳಲಿಲ್ಲ. ನಂಬಿಕೆ ಬರುವುದಕ್ಕೆ ಸಮಯ ಬೇಕು.

ಇನ್ನೊಂದು ಸಂಗತಿ ಅವರಿಗೆ ಅರಿವಾಗಿತ್ತು. ಫಿಲ್ಮ್ ಬಿಸಿಲನ್ನು ತಡೆದಿತ್ತು, ನಿಜ. ಆದರೆ ಒಳಗಿದ್ದ ಸೆಕೆಗೂ ಹೊರಗೆ ಹೋಗಲು ದಾರಿಯಿಲ್ಲದೆ ಅದು ಸಾಹೇಬರ ತೊಡೆಯ ಮೇಲೇ ಕೂತಿತ್ತು. ಅಂಗಿ ಎಂದಿನಂತೆ ಒದ್ದೆ. ಮಗಳು ಇಳಿದು ಹೋದ ಮೇಲೆ ಅವರು ಅತ್ತ ನೋಡಿದರು, ಇತ್ತ ನೋಡಿದರು, ನಕ್ಕರು. ಯಾಕೆ ನೋಡಬೇಕು? ಯಾರಿಗೂ ಕಾಣುವುದಿಲ್ಲವಲ್ಲ!

ಒಂದೊಂದೇ ಗುಂಡಿ ಬಿಚ್ಚಿದರು. ಅಂಗಿ ತೆಗೆದರು, ಬನಿಯನ್ ತೆಗೆದರು, ಎರಡನ್ನೂ ಪಕ್ಕದ ಸೀಟಿನ ಮೇಲೆ ಒಣಹಾಕಿ, ಹೆಗಲಿಗೆ ಟವೆಲ್ ಹಾಕಿಕೊಂಡು ಗೇರ್ ಬದಲಿಸಿದರು. ಆಫೀಸಿನ ಅಂಗಳದಲ್ಲಿ ಕಾರು ನಿಲ್ಲಿಸಿ, ಮೈಯೆಲ್ಲ ಒರೆಸಿ, ಕಂಕುಳಿಗೆ ಪೌಡರ್ ಹಾಕಿ, ಅಷ್ಟರಲ್ಲಿ ಒಣಗಿದ್ದ ಅಂಗಿ ತೊಟ್ಟು, ಕನ್ನಡಿಯಲ್ಲಿ ತಲೆ ಬಾಚಿ ಇಳಿದರು. ಆ ಬೇಸಿಗೆಯಲ್ಲಿ ಮೊದಲ ಸಲ ಲೀಕೇಜ್ ಸಾಹೇಬರು ಒಣಗಿದ ಸ್ಥಿತಿಯಲ್ಲಿ ಹಾಜರಾದರು.

ಅಂಗಳದ ಎದುರಿಗೇ ಮೀಟರ್ ವಿಭಾಗದ ಉದ್ದನೆಯ ಕಿಟಕಿ ಇತ್ತೆಂದು ಇಲ್ಲಿ ಹೇಳಿದರೆ ಸಾಕು.

ಆ ವಾರ ಆಫೀಸಿನಲ್ಲಿ ಹಾಜರಾತಿ ಆಶ್ಚರ್ಯಕರವಾಗಿ ಸುಧಾರಿಸಿತು. ಊಟದ ಹೊತ್ತಿಗೆ ಬರುತ್ತಿದ್ದವರೂ ಬೆಳಿಗ್ಗೆಯೇ ಬಂದು ಕಿಟಕಿಯ ಬಳಿ ಒಳ್ಳೆಯ ಜಾಗ ಹಿಡಿದರು. ಆದರೆ ಮ್ಯಾನೇಜರು ನಗಲಿಲ್ಲ. ಅವರು ಬಿಳುಚಿಕೊಂಡರು. ಅವರ ಡ್ರಾಯರಿನಲ್ಲಿ ಫ್ಯಾನು ಬೇಕೆಂದು ಸಾಹೇಬರು ಬರೆದ ಅರ್ಜಿಗಳ ಕಟ್ಟು ಇತ್ತು. ಈಗ ಅದೇ ಮನುಷ್ಯ ದಿನಾ ತಮ್ಮ ಕಿಟಕಿಯ ಎದುರಿಗೆ ಬರಿಮೈಯಲ್ಲಿ ಕೂತು, ನಿಧಾನಕ್ಕೆ, ಒಂದೊಂದು ಕಂಕುಳನ್ನೂ ಎತ್ತಿ ಒರೆಸಿಕೊಂಡು ತೋರಿಸುತ್ತಿದ್ದಾನೆ. ಇದನ್ನು ಪ್ರತಿಭಟನೆ ಅನ್ನದೆ ಏನನ್ನಬೇಕು?

ವರ್ಷಗಟ್ಟಲೆ ಬರದ ಫ್ಯಾನು ವಾರ ತುಂಬುವ ಮೊದಲೇ ಬಂತು. ಮ್ಯಾನೇಜರು ಖುದ್ದಾಗಿ ನಿಂತು ಹಾಕಿಸಿದರು.

"ಇನ್ನು ಸಮಾಧಾನ ತಾನೆ? ಬಾಯಿಬಿಟ್ಟು ಹೇಳಿದ್ರೆ ಸಾಕಾಗಿತ್ತು. ಅಷ್ಟು ದೂರ ಹೋಗ್ಬೇಕಾ?"

"ಎಷ್ಟು ದೂರ ಸಾರ್?"

"ಬಿಡಿ, ಬಿಡಿ" ಅಂದರು ಮ್ಯಾನೇಜರು, ಕಣ್ಣು ತಪ್ಪಿಸಿ.

ಒಣ ಅಂಗಿ ತೊಟ್ಟ ಮನುಷ್ಯನಿಗೆ ಲೋಕ ಎಷ್ಟು ಮರ್ಯಾದೆ ಕೊಡುತ್ತದೆ ಎಂದುಕೊಂಡರು ಸಾಹೇಬರು.

ಭಾನುವಾರ ಟೈಲರು ಕೊರಳಿಗೆ ಟೇಪು ಹಾಕಿಕೊಂಡು ಮನೆಗೇ ಬಂದುಬಿಟ್ಟ. ಮುಖ ಸಣ್ಣಗಾಗಿತ್ತು. ಬಾಗಿಲು ತೆಗೆದ ಸಾಹೇಬರ ಹೆಂಡತಿಯ ಹತ್ತಿರ, "ಅಕ್ಕಾ, ನಿಮ್ಮೆಜಮಾನ್ರಿಗೆ ನನ್ಮೇಲೆ ಏನೋ ಸಿಟ್ಟು" ಅಂದ.

"ಅವರಿಗಾ? ಸೊಳ್ಳೆ ಮೇಲೂ ಸಿಟ್ಟು ಬರಲ್ಲ ಅವರಿಗೆ."

"ಇಲ್ಲಕ್ಕ, ಇದೆ. ಹೋದ್ಸಲ ಹೊಲಿದ ಅಂಗಿ ಕಂಕುಳಲ್ಲಿ ಬಿಗಿ ಇತ್ತು, ನನಗೂ ಗೊತ್ತಿತ್ತು, ಬಟ್ಟೆ ಸಾಲದೆ ಸುಮ್ನಾದೆ. 'ಬಿಗಿ' ಅಂತ ಒಂದು ಮಾತು ಹೇಳಿದ್ರೆ ಬಿಚ್ಚಿ ಸರಿ ಮಾಡ್ತಿದ್ದೆ. ಅದು ಬಿಟ್ಟು ದಿನಾ ಅಂಗಡಿ ಮುಂದೆ…" ಟೈಲರು ಮುಂದೆ ಹೇಳಲಾರದೆ ಟೇಪಿನ ತುದಿಯಿಂದ ಕಣ್ಣು ಒರೆಸಿಕೊಂಡ. "ಗಿರಾಕಿಗಳು ನೋಡ್ತಾರಕ್ಕ!"

ಅಷ್ಟರಲ್ಲಿ ಸಾಹೇಬರು ಹೊರಗೆ ಬಂದರು. ಟೈಲರು ಮಾತಿಲ್ಲದೆ ಅವರ ಎರಡೂ ಕೈ ಮೇಲೆತ್ತಿಸಿ ಅಳತೆ ತೆಗೆದುಕೊಂಡು, "ಹೊಸದು ಹೊಲ್ಕೊಡ್ತೀನಿ, ನನ್ನ ಕಡೆಯಿಂದ. ಇನ್ನು ನಿಲ್ಲಿಸಿಬಿಡಿ ಸಾರ್" ಎಂದು ಕೈ ಮುಗಿದು ಹೋದ.

"ಏನು ನಿಲ್ಲಿಸ್ಬೇಕಂತೆ?" ಅಂದಳು ಹೆಂಡತಿ.

"ಕಾರು ಇರಬೇಕು" ಅಂದರು ಸಾಹೇಬರು. "ಅಂಗಡಿಗೆ ಅಡ್ಡ ಆಗುತ್ತೇನೋ."

ಮಗಳು ರೂಮಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದಳು. ಕೇಳಿ ಬಾಗಿಲು ಹಾಕಿಕೊಂಡಳು.

ಕಾಣದಿರುವುದು ಒಂದು ಚಟ. ಅಂಗಿ ಬಿಚ್ಚುವುದರಿಂದ ಶುರುವಾದದ್ದು ಅಲ್ಲಿಗೇ ನಿಲ್ಲಲಿಲ್ಲ. ದೊಡ್ಡ ಸಿಗ್ನಲ್ಲಿನಲ್ಲಿ ನಿಂತಿರುತ್ತಿದ್ದ ಮೀಸೆಯ ಪೊಲೀಸಿನವರಿಗೆ ಸಾಹೇಬರು ದಿನಾ ನಾಲಿಗೆ ಹೊರಚಾಚಿ ತೋರಿಸಿ ಮುಂದೆ ಹೋಗುತ್ತಿದ್ದರು. ಹುಟ್ಟಿದಾಗಿನಿಂದ ಹೆದರಿದ್ದಕ್ಕೆಲ್ಲ ಬಡ್ಡಿ ಸಮೇತ ವಸೂಲಿ. ಮೊದಲ ದಿನ ಪೊಲೀಸಿನವರು ತಮ್ಮ ಹಿಂದೆ ಯಾರೋ ಇರಬೇಕೆಂದು ತಿರುಗಿ ನೋಡಿದರು. ಎರಡನೆಯ ದಿನವೂ ತಿರುಗಿ ನೋಡಿದರು. ಆಮೇಲೆ ನೋಡಲಿಲ್ಲ.

ಸಾಹೇಬರು ನಿಜವಾಗಿ ಕಾಯುತ್ತಿದ್ದುದು ಕಾಲೇಜು ಗೇಟಿನ ಎದುರಿನ ಒಂದು ಘಳಿಗೆಗೆ. ತಿರುವಿನಲ್ಲಿ ಇಳಿದ ಮಗಳು ನಡೆದು ಬರುವ ಹೊತ್ತಿಗೆ ಅವರು ಗೇಟಿನ ಎದುರು ಕಾರು ನಿಲ್ಲಿಸಿಕೊಂಡಿರುತ್ತಿದ್ದರು. ಅವಳು ಗೆಳತಿಯ ಜೊತೆ ಒಳಗೆ ಹೋಗುವುದನ್ನು ನೋಡುತ್ತಾ, ಬರಿಮೈಯಲ್ಲಿ, ಹೆಗಲ ಮೇಲೆ ಟವೆಲ್ ಸರಿಮಾಡಿಕೊಂಡು, ಆ ಗೆಳತಿಯನ್ನು ಉದ್ದೇಶಿಸಿ ಕೈ ಮುಗಿಯುತ್ತಿದ್ದರು. "ನಮಸ್ಕಾರಮ್ಮ. ನಾನು ಕ್ಯಾಬ್ ಅಲ್ಲ. ನಾನು ಇವಳ ಅಪ್ಪ. ನೀರಿನ ಆಫೀಸಿನಲ್ಲಿದೀನಿ. ಸ್ವಲ್ಪ ಬೆವರು ಜಾಸ್ತಿ, ಅಷ್ಟೇ, ಮನುಷ್ಯ ಕೆಟ್ಟವನಲ್ಲ." ಒಮ್ಮೊಮ್ಮೆ ಗಂಭೀರವಾಗಿ, ಒಮ್ಮೊಮ್ಮೆ ನಗುತ್ತಾ, ಒಮ್ಮೆ ಕಣ್ಣಲ್ಲಿ ನೀರು ಬಂದು ಟವೆಲಿನಿಂದ ಒರೆಸಿಕೊಳ್ಳುತ್ತಾ ಹೇಳಿ ನೋಡುತ್ತಿದ್ದರು. ಯಾವಾಗಲಾದರೂ ಎದುರಿಗೇ ಹೇಳುವ ಸಂದರ್ಭ ಬಂದರೆ ತೊದಲಬಾರದಲ್ಲ.

ಕಾಲೇಜಿನ ಅರ್ಧ ಜನ ಗೇಟಿನೊಳಗಿಂದ ಇದನ್ನು ನೋಡುತ್ತಿದ್ದರು. ವಾಚ್‌ಮನ್ ಒಂದು ದಿನ ನೋಡಿದ, ಎರಡು ದಿನ ನೋಡಿದ, ಮೂರನೆಯ ದಿನ ಸಿಗ್ನಲ್ಲಿಗೆ ಹೋಗಿ ಮೀಸೆಯ ಪೊಲೀಸಿನವರನ್ನು ಕರೆದುಕೊಂಡು ಬಂದ.

ಟಕ್ ಟಕ್ ಎಂದು ಗಾಜು ತಟ್ಟಿದ ಶಬ್ದಕ್ಕೆ ಸಾಹೇಬರು ತಿರುಗಿದರೆ ಗಾಜಿನ ಆಚೆ ಮೀಸೆ. ಅವರ ಜೀವ ಬಾಯಿಗೆ ಬಂತು. ಆದರೆ ಬುದ್ಧಿ ಕೈಕೊಡಲಿಲ್ಲ. ಕಾಣುವುದಿಲ್ಲವಲ್ಲ! ಅಲ್ಲಾಡದೆ ಇದ್ದರಾಯಿತು. ಖಾಲಿ ಕಾರನ್ನು ಯಾರು ತಾನೆ ಎಷ್ಟು ಹೊತ್ತು ತಟ್ಟಿಯಾರು? ಮುಗಿದ ಕೈ ಮುಗಿದ ಹಾಗೆಯೇ, ಬಿಟ್ಟ ಕಣ್ಣು ಬಿಟ್ಟ ಹಾಗೆಯೇ, ಉಸಿರು ಬಿಗಿಹಿಡಿದು ಕಲ್ಲಾಗಿ ಕೂತರು.

"ಉಸಿರಾಡ್ತಿದಾನಾ ನೋಡಯ್ಯ" ಅಂದರು ಪೊಲೀಸಿನವರು.

ವಾಚ್‌ಮನ್ ಮೂಗು ತಾಗಿಸಿ ನೋಡಿದ. "ಕಣ್ಣು ಬಿಟ್ಕೊಂಡೇ ಇದಾನೆ ಸಾರ್. ಅಲ್ಲಾಡ್ತಿಲ್ಲ. ಹೋಗೇಬಿಟ್ನೋ ಏನೋ!"

ಸುತ್ತ ಜನ ಸೇರಿದರು. ಸಾಹೇಬರ ಮೂಗಿನ ತುದಿಯಲ್ಲಿ ಒಂದು ಬೆವರ ಹನಿ ಹುಟ್ಟಿ, ದಪ್ಪವಾಗಿ, ತೂಗಾಡಿ, ಟಪ್ಪೆಂದು ಬಿತ್ತು.

"ಬೆವರ್ತಿದಾನೆ! ಬದುಕಿದಾನೆ!" ಎಂದು ವಾಚ್‌ಮನ್ ಕೂಗಿದ.

"ರೀ ಅಂಗಿ ಇಲ್ದೋರೇ, ಬಾಗಿಲು ತೆಗೀರಿ!"

ಪೊಲೀಸಿನವರು ಯಾರನ್ನು ಕರೆಯುತ್ತಿದ್ದಾರೆಂದು ಸಾಹೇಬರು ಹಿಂದಿನ ಸೀಟಿನ ಕಡೆ ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಬಾಗಿಲನ್ನು ಒಂದು ಗೇಣು ತೆಗೆದರು.

"ಸಾರ್, ಫಿಲ್ಮ್ ಕಾನೂನು ಪ್ರಕಾರನೇ ಇದೆ ಸಾರ್."

"ಯಾವ ಫಿಲ್ಮು?"

"ಗ್ಲಾಸಿಗೆ ಹಾಕ್ಸಿರೋದು. ಕಾಣಲ್ಲ ಸಾರ್."

ಪೊಲೀಸಿನವರು ಗಾಜಿನ ಮೇಲೆ ಬೆರಳಾಡಿಸಿದರು. "ಹೌದು, ಕಾಣಲ್ಲ."

"ಅದೇ ಸಾರ್. ಕಾಣಲ್ಲ."

"ಕಾಣಲ್ಲ, ಸರಿ. ನೀವ್ಯಾಕ್ರೀ ಬರಿಮೈನಲ್ಲಿ ಕೂತಿದೀರಿ?"

ಸಾಹೇಬರು ಕಣ್ಣು ಮಿಟುಕಿಸಿದರು. "ನಾನು ಬರಿಮೈನಲ್ಲಿರೋದು ನಿಮಗೆ ಹೇಗೆ ಗೊತ್ತಾಯ್ತು ಸಾರ್?"

ಪೊಲೀಸಿನವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಅಷ್ಟು ವರ್ಷಗಳ ಕೆಲಸದಲ್ಲಿ ಯಾವ ಕಳ್ಳನೂ ಅವರಿಗೆ ಈ ಪ್ರಶ್ನೆ ಕೇಳಿರಲಿಲ್ಲ. "ಹೇಗೆ ಗೊತ್ತಾಯ್ತಾ? ಎಡಗಡೆ ಎದೆ ಮೇಲೆ ಮಚ್ಚೆ ಇದೆ. ಹೊಟ್ಟೆ ಮೇಲೆ ಬೆಲ್ಟಿನ ಗುರುತಿದೆ. ದಿನಾ ಡಾಕ್ಟರಿಗೆ ತೋರ್ಸೋ ಹಾಗೆ ನನಗೆ ನಾಲಿಗೆ ತೋರಿಸ್ತೀರಲ್ಲ, ಅದರ ಮೇಲೆ ಬಿಳಿ ಕಟ್ಟಿದೆ. ಹೊಟ್ಟೆ ಸರಿ ಇಲ್ಲ ನಿಮಗೆ. ಇನ್ನೂ ಹೇಳ್ಲಾ?"

ಸಾಹೇಬರು ಫಿಲ್ಮ್ ಅಂಗಡಿಯವನಿಗೆ ಫೋನು ಹಚ್ಚಿದರು. ಪೊಲೀಸಿನವರು ಅದನ್ನು ಕಿತ್ತುಕೊಂಡು ಸ್ಪೀಕರಿಗೆ ಹಾಕಿದರು.

"ನೀವು ಕಾಣಲ್ಲ ಅಂದ್ರಲ್ರೀ!" ಎಂದು ಸಾಹೇಬರು ಗೋಗರೆದರು.

"ಫಿಲ್ಮ್ ಕಾಣಲ್ಲ ಅಂದೆ ಸಾರ್" ಅಂತು ಫೋನು, ಇಡೀ ಕಾಲೇಜಿಗೆ ಕೇಳಿಸುವ ಹಾಗೆ. "ನೀವು ಯಾಕೆ ಕಾಣಬಾರದು?"

ನಾಚಿಕೆ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಬರುತ್ತದೆ, ಬಂದು ಕೂತು, ಆರಿಹೋಗುತ್ತದೆ. ಸಾಹೇಬರಿಗೆ ಅದು ಬಾಕಿಯೆಲ್ಲ ಸೇರಿ ಒಟ್ಟಿಗೆ ಬಂತು. ಟೈಲರು ಒರೆಸಿಕೊಂಡ ಕಣ್ಣು ನೆನಪಾಯಿತು. ಮ್ಯಾನೇಜರು ತಪ್ಪಿಸಿದ ಕಣ್ಣು ನೆನಪಾಯಿತು. ಉದ್ದನೆಯ ಕಿಟಕಿ ನೆನಪಾಯಿತು. ಒಂದು ಮಂಗಳವಾರ ಅವರು ಆ ಕಿಟಕಿಯ ಎದುರು ಹೊಟ್ಟೆಗೂ ಪೌಡರ್ ಹಾಕಿಕೊಂಡಿದ್ದರು. ಅಂಗಿಗಾಗಿ ಪಕ್ಕದ ಸೀಟಿಗೆ ಕೈ ಚಾಚಿದರು. ಆತುರದಲ್ಲಿ ಗುಂಡಿಗಳು ಒಂದು ಮನೆ ತಪ್ಪಿ ಕೂತವು.

"ದಿನಾ ಇಲ್ಲೇ ನಿಲ್ತಾನೆ ಸಾರ್" ಅಂದ ವಾಚ್‌ಮನ್. "ಹುಡುಗೀರ ಕಡೆ ನೋಡಿ ಕೈ ಮುಗಿದು ಏನೇನೋ ಅಂತಾನೆ."

"ಯಾರಿದಾರ್ರೀ ಇಲ್ಲಿ ನಿಮ್ಮೋರು?" ಪೊಲೀಸಿನವರ ದನಿ ಈಗ ಬದಲಾಗಿತ್ತು. "ಮಗನಾ? ಮಗಳಾ? ಹೇಳಿ, ಕರೆಸೋಣ."

ಸಾಹೇಬರು ಗೇಟಿನ ಕಡೆ ನೋಡಿದರು. ಗುಂಪಿನ ನಡುವೆ ಮಗಳು ನಿಂತಿದ್ದಳು, ಪಕ್ಕದಲ್ಲಿ ಅದೇ ಗೆಳತಿ. ಮಗಳು ಬ್ಯಾಗನ್ನು ಎದೆಗೆ ಅವುಚಿ ಹಿಡಿದು ನೆಲ ನೋಡುತ್ತಿದ್ದಳು. ಇಷ್ಟು ದಿನ ಅಭ್ಯಾಸ ಮಾಡಿಟ್ಟ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳುವ ಸಂದರ್ಭವೂ ಬಂದಿತ್ತು, ಕೇಳುವವರಿಗೂ ಕೊರತೆ ಇರಲಿಲ್ಲ.

"ಯಾರೂ ಇಲ್ಲ ಸಾರ್" ಅಂದರು. "ನಾನು ಕ್ಯಾಬ್."

"ಕ್ಯಾಬಾ? ಬೋರ್ಡೆಲ್ಲಿ? ಪರ್ಮಿಟ್ಟೆಲ್ಲಿ?"

"ಇಲ್ಲ ಸಾರ್."

"ಯೂನಿಫಾರ್ಮು?"

"ಅದಕ್ಕೇ ಸಾರ್ ಬರಿಮೈ."

ಯಾರೋ ನಕ್ಕರು. ಪೊಲೀಸಿನವರು ನಗಲಿಲ್ಲ. "ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸ್ತೀರಿ. ಕಾಲೇಜ್ ಮುಂದೆ ಬಟ್ಟೆ ಬಿಚ್ಕೊಂಡು ಕೂರ್ತೀರಿ. ನಡೀರಿ ಸ್ಟೇಷನ್ನಿಗೆ."

"ಆಗಲಿ ಸಾರ್" ಅಂದರು ಸಾಹೇಬರು ಬೇಗ ಬೇಗ. "ಇಲ್ಲಿಂದ ಮೊದಲು ಹೋಗೋಣ."

"ನಿಲ್ಲಿ" ಎಂದು ಒಂದು ದನಿ ಕೇಳಿಸಿತು. ಗುಂಪು ಬಿರುಕು ಬಿಟ್ಟಿತು. ಮಗಳು ಬಂದು ಪೊಲೀಸಿನವರ ಎದುರು ನಿಂತಳು. ಕಿವಿಯ ತನಕ ಕೆಂಪಾಗಿದ್ದಳು.

"ನೀನ್ಯಾರಮ್ಮ? ಈ ಕ್ಯಾಬಲ್ಲಿ ಬಂದೋಳಾ?"

"ಕ್ಯಾಬ್ ಅಲ್ಲ ಸಾರ್."

"ಮತ್ತೆ ಯಾರು ಇವರು?"

ಅವಳು ಒಮ್ಮೆ ಹಿಂದೆ ತಿರುಗಿ ಗೆಳತಿಯ ಕಡೆ ನೋಡಿದಳು.

"ನಮ್ಮಪ್ಪ."

"ಅವರೇ ಕ್ಯಾಬ್ ಅಂದ್ರಲ್ಲ?"

"ಅದು ಮೊದಲು ನಾನು ಅಂದಿದ್ದು" ಅಂದಳು ಮಗಳು.

ಪೊಲೀಸಿನವರು ಮಗಳನ್ನು ನೋಡಿದರು, ತಿರುಗಿ ಕಾರಿನೊಳಗೆ ನೋಡಿದರು. ಡ್ರೈವರ್ ಸೀಟು ಖಾಲಿಯಾಗಿತ್ತು. ಬಗ್ಗಿ ನೋಡಿದರೆ ಸ್ಟಿಯರಿಂಗಿನ ಕೆಳಗೆ, ಬ್ರೇಕು ಕ್ಲಚ್ಚುಗಳ ನಡುವೆ, ಸಾಹೇಬರ ಬೆನ್ನು ಮಾತ್ರ ಇತ್ತು. ಅವರು ಮೀಸೆ ಒರೆಸಿಕೊಂಡು, ಆ ಬೆನ್ನಿಗೇ ಹೇಳಿದರು. "ನಾಲಿಗೆಯನ್ನ ಒಳಗಿಟ್ಕೊಂಡು ಓಡ್ಸಿ. ಹೊಟ್ಟೆಗೆ ಏನಾದ್ರೂ ಔಷಧಿ ತಗೊಳ್ಳಿ." ಆಮೇಲೆ ಗುಂಪಿನ ಕಡೆ ತಿರುಗಿ, "ಏನಿದೆ ಇಲ್ಲಿ ನೋಡೋಕೆ? ನಿಮ್ಮಪ್ಪಂದಿರೆಲ್ಲ ಬೆವರಲ್ವಾ?" ಎಂದು ಗದರಿಸಿ ಹೊರಟುಹೋದರು.

ಪಕ್ಕದ ಬಾಗಿಲು ತೆರೆಯಿತು. ಮಗಳು ಟವೆಲನ್ನೂ ಬನಿಯನನ್ನೂ ಸರಿಸಿ ಮುಂದಿನ ಸೀಟಿನಲ್ಲಿ ಕೂತಳು. ಗುಂಪು ಇನ್ನೂ ಪೂರ್ತಿ ಕರಗಿರಲಿಲ್ಲ.

"ಬೇಕಂತಲೇ ಮಾಡ್ತಿದೀಯ ಅಂದ್ಕೊಂಡಿದ್ದೆ" ಅಂದಳು. "ಅವತ್ತು ನಾನು ಹೂಂ ಅಂದಿದ್ದಕ್ಕೆ ಸೇಡು ತೀರಿಸ್ಕೋತಿದೀಯ ಅಂತ."

"ಏನು ಹೂಂ? ನನಗೇನೂ ಕೇಳಿಸ್ಲಿಲ್ಲಪ್ಪ" ಅಂತು ಬೆನ್ನು, ಕೆಳಗಿನಿಂದ.

"ಮತ್ತೆ ಇವತ್ತು ಕ್ಯಾಬ್ ಅಂತ ಯಾಕಂದೆ?"

ಬೆನ್ನು ಇನ್ನಷ್ಟು ಕೆಳಗೆ ಸರಿಯಿತು. "ಗುಂಡಿ ಒಂದು ಬಿದ್ದಿದೆ. ಹುಡುಕ್ತಿದೀನಿ. ನೀನು ಕ್ಲಾಸಿಗೆ ಹೋಗು. ಎಲ್ಲಾ ನೋಡ್ತಿದಾರೆ."

"ಅಪ್ಪಾ."

"ಹೋಗಮ್ಮ, ನಾನಿಲ್ಲ ಅಂದ್ಕೊಂಡು ಹೋಗು."

"ಅಪ್ಪಾ, ಕಾಣ್ತೀಯ."

ಬಾಲ ಸಮೇತ ಬಂದ ಆ ಪದದಲ್ಲಿ ತಪ್ಪು ತಿಳಿದುಕೊಳ್ಳಲು ಜಾಗವೇ ಇರಲಿಲ್ಲ. ಸಾಹೇಬರು ನಿಧಾನಕ್ಕೆ ಎದ್ದರು. ಕೂದಲು ಕೆದರಿತ್ತು, ಅಂಗಿಯ ಒಂದು ಕಡೆ ಇನ್ನೊಂದಕ್ಕಿಂತ ಮೇಲಿತ್ತು. ಎದೆಯ ಮೇಲೆ ಬೆವರು ಆಗಲೇ ದೊಡ್ಡದಾಗಿ ಹರಡುತ್ತಿತ್ತು. ಮಗಳು ಅದನ್ನು ನೋಡಿದಳು. ಈ ಸಲ ಬೇರೆ ಕಡೆ ನೋಡಲಿಲ್ಲ. ತನ್ನ ಕಡೆಯ ಗ್ಲಾಸಿನ ಹಿಡಿಕೆಗೆ ಕೈ ಹಾಕಿದಳು.

"ಏ, ಏ, ಬೇಡ! ಎರಡು ವಾರ ಆಗಿಲ್ಲ, ಕಿತ್ಕೊಂಡು ಬರುತ್ತೆ!"

ಅವಳು ತಿರುಗಿಸಿಯೇಬಿಟ್ಟಳು. ಇಡೀ ಬೇಸಿಗೆ ಇಳಿಯದ ಗ್ಲಾಸು ಕಿರ್ರೆಂದು ಇಳಿಯಿತು. ಮೇಲಿನ ಅಂಚಿನಲ್ಲಿ ಫಿಲ್ಮ್ ಸುಲಿದು, ಸುರುಳಿಯಾಗಿ ಎದ್ದು ನಿಂತು ಬಿಸಿಲಿನಲ್ಲಿ ಮಿಂಚಿತು. ಮೊಟ್ಟಮೊದಲ ಬಾರಿಗೆ ಅದು ಎಲ್ಲರಿಗೂ ಕಂಡಿತು. ಗಾಳಿ ಒಳಗೆ ಬಂತು. ಬಿಸಿ ಗಾಳಿಯೇ, ಆದರೂ ಗಾಳಿ.

ಆ ಕಿಟಕಿಯಲ್ಲಿ ಗೆಳತಿಯ ಮುಖ ಕಾಣಿಸಿತು. ಅವಳಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಏನಾದರೂ ಕೇಳಬೇಕಲ್ಲ ಎಂದು ಕೇಳಿದಳು. "ನಮಸ್ತೆ ಅಂಕಲ್. ಕಾರಲ್ಲಿ ಎಸಿ ಇಲ್ವಾ?"

ಸಾಹೇಬರ ಮುಖದಲ್ಲಿ ಆ ಹಳೆಯ ತಂಪಾದ ಮಂದಹಾಸ ತಾನಾಗಿಯೇ ಬಂದು ಕೂತಿತು. "ಇಲ್ಲದೆ ಏನಮ್ಮ? ಹಾಕಿದ್ರೆ ಸ್ವೆಟರ್…" ಎಂದು ಶುರುಮಾಡಿದರು. ಮಗಳು ಅವರನ್ನೇ ನೋಡುತ್ತಿದ್ದಳು. ಮಂದಹಾಸ ಜಾರಿತು. ಟವೆಲ್ ಎತ್ತಿಕೊಂಡು, ಎಲ್ಲರ ಎದುರಿಗೆ, ಕತ್ತು ಒರೆಸಿಕೊಂಡರು.

"ಅದು ತೀರಿಕೊಂಡು ಬಹಳ ದಿನ ಆಯ್ತಮ್ಮ" ಅಂದರು. "ಯಾರಿಗೂ ಹೇಳಿರ್ಲಿಲ್ಲ."